ಶಂಖ ನೆನೆಸಿದ ಅಯ್ಯ

ಕರಜಗಿಯ ವಿಶ್ವಾರಾಧ್ಯ ತಾನು ನನ್ನ ವಿದ್ಯಾರ್ಥಿ ಎಂದು ಹೇಳಿಕೊಂಡು ತಿರುಗುತ್ತಾನೆ. ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನಲ್ಲಿ ಅವನು ಪದವಿಯ ಅಷ್ಟೂ ವರ್ಷ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತದ್ದು ನಿಜ. ಕಲಿತನೆಂಬುದಕ್ಕೆ ಪುರಾವೆ ಇಲ್ಲ.

ಬಾಗಿಲ ಪಕ್ಕ ಕೂರುವುದಕ್ಕೆ ಕಾರಣವಿತ್ತು. ಅವನು ಊರಿನ ಮಠಪತಿ, ಜನರ ಬಾಯಲ್ಲಿ ಅಯ್ಯ. ಲಿಂಗಾಯತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಕ್ರಿಯೆ ಮಾಡಿಸುವುದಕ್ಕೂ, ಹೆಣದ ಮುಂದೆ ಶಂಖ ಊದಿಕೊಂಡು ನಡೆಯುವುದಕ್ಕೂ ಅವನೇ ಆಗಬೇಕು. ತಂದೆ ಬೇಗ ಹೋದದ್ದರಿಂದ ಮೀಸೆ ಮೂಡುವ ಮುಂಚೆಯೇ ಆ ಶಂಖ ಅವನ ಕೈಗೆ ಬಂದಿತ್ತು. ನಾನು ಫಲಕದ ಮೇಲೆ ಸಮೀಕರಣ ಬರೆಯುತ್ತಿರುವಾಗ ಹೊರಗೆ ಮೋಟರ್‌ಸೈಕಲ್ ಬಂದು ನಿಲ್ಲುತ್ತಿತ್ತು. ಯಾರೋ ಬಾಗಿಲಲ್ಲಿ ಇಣುಕಿ "ಅಯ್ನಾರ, ಬರ್ರಿ" ಎನ್ನುತ್ತಿದ್ದರು. ಅವನು ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದ. ಹೀಗೆ ಎಷ್ಟೋ ಸಮೀಕರಣಗಳ ಎಡಭಾಗವನ್ನಷ್ಟೇ ನೋಡಿ ಅವನು ಥರ್ಡ್ ಕ್ಲಾಸಿನಲ್ಲಿ ಪಾಸಾದ.

ನಿವೃತ್ತಳಾಗಿ ನಾನು ಕರಜಗಿಗೆ ಬಂದು ನೆಲೆಸಿದಾಗ ನೋಡುತ್ತೇನೆ, ಅವನ ಮನೆ ನನ್ನ ಮನೆಯ ಎದುರಿಗೇ. ವಯಸ್ಸು ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ, ತಾಯಿ ಗುರುಶಾಂತಮ್ಮನ ಜೊತೆ ಇದ್ದ. ಮಠಪತಿಯ ಮನೆಗೆ ಊರಿನಲ್ಲಿ ಯಾರೂ ಸುಮ್ಮನೆ ಹೋಗುವುದಿಲ್ಲ. ಹೋದರೆ ಯಾರೋ ಸತ್ತಿದ್ದಾರೆಂದೇ ಅರ್ಥ. ಉಣ್ಣಲು ಹಟ ಮಾಡುವ ಕೂಸುಗಳಿಗೆ ತಾಯಂದಿರು "ಶಂಖದ ಅಯ್ಯ ಬಂದ ನೋಡು" ಎಂದು ಹೆದರಿಸುತ್ತಾರೆ. ಇದೇ ಮಂದಿ ಸೋಮವಾರ ಸಂಜೆ ಬಸವಣ್ಣನವರ ಚಿತ್ರದ ಕೆಳಗೆ ಕೂತು ವಚನ ಹಾಡುತ್ತಾರೆ, ಮೂಢನಂಬಿಕೆ ಬಿಡಬೇಕೆಂದು ಭಾಷಣ ಕೇಳಿ ತಲೆದೂಗುತ್ತಾರೆ. ತಲೆದೂಗುವುದರಲ್ಲಿ ನಮ್ಮ ಊರನ್ನು ಮೀರಿಸುವವರಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ವಿಶ್ವಾರಾಧ್ಯನಿಗೆ ಸಮುದ್ರದ ಹುಚ್ಚು ಹಿಡಿಯಿತು. ಹಿಡಿಸಿದವಳು ಸೃಷ್ಟಿ, ಊರಿನ ದೊಡ್ಡ ಜಮೀನುದಾರ ದೌಲತರಾಯನ ಮೊಮ್ಮಗಳು. ಅಪ್ಪ ಅಮ್ಮನ ಜೊತೆ ಗೋವಾಕ್ಕೆ ಹೋಗಿ ಬಂದವಳು ಓಣಿಯ ಮಕ್ಕಳ ಮುಂದೆ ಸಮುದ್ರದ ಬಗ್ಗೆ ಕೊಚ್ಚಿಕೊಂಡಳು. ಉಳಿದವು ಬಾಯಿ ತೆರೆದು ಕೇಳಿ, ಆಮೇಲೆ ಅಳುಮುಖ ಮಾಡಿದವು. ಅದನ್ನು ಕಂಡ ಈತ, "ಅಳಬ್ಯಾಡ್ರಿ. ಐತ್ವಾರ ನಮ್ಮನಿಗಿ ಬರ್ರಿ, ಸಮುದ್ರ ನಾನ ಮಾಡಿ ತೋರಸ್ತೇನಿ" ಎಂದುಬಿಟ್ಟ. ಸಮುದ್ರವನ್ನು ಅವನೂ ಕಂಡಿರಲಿಲ್ಲ. ಫೋನಿನಲ್ಲಿ ನೋಡಿದ್ದ. ಬಿಳಿ ಅಡುಗೆಮನೆಯಲ್ಲಿ ನಿಂತ ಬಿಳಿ ಹೆಂಗಸೊಬ್ಬಳು ಗಾಜಿನ ಬೋಗುಣಿಗಳಲ್ಲಿ ಕಡಲು ಮಾಡಿ ತೋರಿಸುವ ವಿಡಿಯೋಗಳು. ಅವಳು ಹೇಳುವುದರಲ್ಲಿ ಅರ್ಧ ಇವನಿಗೆ ತಿಳಿಯುತ್ತಿರಲಿಲ್ಲ. ತಿಳಿಯದ ಅರ್ಧವನ್ನು ತಾನೇ ತುಂಬಿಸಿಕೊಳ್ಳುತ್ತಿದ್ದ.

ಮೊದಲ ಭಾನುವಾರ ಬಾಟಲಿಯಲ್ಲಿ ಸಮುದ್ರ. ಅರ್ಧ ಬಾಟಲಿ ನೀರು, ಅದಕ್ಕೆ ಬಿಳಿ ಬಟ್ಟೆಗೆ ಹಾಕುವ ನೀಲಿ, ಮೇಲೆ ಕುಸುಬಿ ಎಣ್ಣೆ. ಮುಚ್ಚಳ ಬಿಗಿದು ಬಾಟಲಿಯನ್ನು ಅಡ್ಡ ಹಿಡಿದು ತೂಗಿದರೆ ತೆರೆ ಏಳುತ್ತದೆ. ಮಕ್ಕಳು ಕೇಕೆ ಹಾಕಿದವು. ಒಳಗಿನಿಂದ ಗುರುಶಾಂತಮ್ಮ, "ಎಣ್ಣಿ ಅದ, ಎಣ್ಣಿ! ನಾಳಿಗಿ ಒಗ್ಗರಣಿ ಏನ್ ಸಮುದ್ರದ ನೀರಾಗ ಹಾಕ್ಲಿ?" ಎಂದು ಕೂಗಿದಳು.

ಮುಂದಿನ ವಾರ ಆಲೂಗಡ್ಡೆ. ಸಾದಾ ನೀರಿನಲ್ಲಿ ಮುಳುಗಿದ ಆಲೂಗಡ್ಡೆ, ಉಪ್ಪು ಕಲಸುತ್ತ ಹೋದಂತೆ ಮೇಲೆ ಬಂತು. "ನೋಡ್ರಿ, ಉಪ್ಪು ನೀರಿಗಿ ಶಕ್ತಿ ಕೊಡ್ತದ" ಎಂದು ಪಾಠ ಹೇಳಿದ. ನನಗೆ ನನ್ನ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರಲಾಗಲಿಲ್ಲ.

"ಶಕ್ತಿ ಅಲ್ಲಲೇ, ಸಾಂದ್ರತೆ! ಅಷ್ಟೇ ಜಾಗಾದಾಗ ಉಪ್ಪಿನ ನೀರು ಹೆಚ್ಚು ತೂಕ. ಅದಕ್ಕ ಗಡ್ಡಿ ಎತ್ತತದ" ಎಂದು ಅಲ್ಲಿಂದಲೇ ಕೂಗಿದೆ.

"ಹೌದ್ರಿ ಮೇಡಂ, ಸಾಂದ್ರತೆ" ಎಂದು ಅವನು ಮಕ್ಕಳ ಕಡೆ ತಿರುಗಿ, "ಸಾಂದ್ರತೆ ಅಂದ್ರ ಒಂದು ನಮೂನಿ ಶಕ್ತಿ" ಎಂದ.

ಹೀಗಿತ್ತು ವಿದ್ಯಾದಾನ. ಹಾಲಿನ ಪಾಕೀಟಿನ ತೆಳು ಪ್ಲಾಸ್ಟಿಕ್ ಕತ್ತರಿಸಿ, ದಾರ ಕಟ್ಟಿ, ಬಾಟಲಿಯಲ್ಲಿ ತೇಲಿಬಿಟ್ಟು ಅದನ್ನು ಜೆಲ್ಲಿ ಮೀನು ಎಂದ. ನಮ್ಮ ಓಣಿಯ ಬೋರಿನ ನೀರು ಸವಳಾದ್ದರಿಂದ ಕೆಳಗೆ ಎಲ್ಲಿಯೋ ಸಮುದ್ರ ಇದ್ದೇ ಇದೆ ಎಂದ. ಪಾಲಕರಿಗೆ ಸರಿ ತಪ್ಪಿನ ಚಿಂತೆ ಇರಲಿಲ್ಲ. ರಜೆಯಲ್ಲಿ ಮಕ್ಕಳು ಕಾಲಡಿಯಿಂದ ತೊಲಗಿದ್ದೇ ಅವರಿಗೆ ಸಾಕಾಗಿತ್ತು. ದೌಲತರಾಯ ಮೊಮ್ಮಗಳ ನೀಲಿ ಬಾಟಲಿಯ ಫೋಟೋ ತೆಗೆದು ಫೋನಿನ ಸ್ಟೇಟಸ್ಸಿಗೆ ಹಾಕಿ, ಕೆಳಗೆ ಕೈಮುಗಿದ ಚಿತ್ರ ಅಂಟಿಸಿದ. ವಿಜ್ಞಾನಕ್ಕೆ ಯಾಕೆ ಕೈ ಮುಗಿಯಬೇಕೋ, ನಾನರಿಯೆ.

ವಿಶ್ವಾರಾಧ್ಯನಿಗೆ ಬೇಕಾಗಿದ್ದುದು ವಿಜ್ಞಾನವೂ ಅಲ್ಲ, ಸಮುದ್ರವೂ ಅಲ್ಲ. ಒಂದು ಐತ್ವಾರ ಅವನು ನನ್ನನ್ನು ಕರೆದು ತನ್ನ ಹೊಸ್ತಿಲ ಕಡೆ ಕೈ ತೋರಿಸಿದ.

"ಮೇಡಂ, ಚಪ್ಪಲಿ ನೋಡ್ರಿ. ಸಣ್ಣ ಸಣ್ಣವು. ನಮ್ಮ ಬಾಗಿಲ್ದಾಗ ಇಷ್ಟು ಚಪ್ಪಲಿ ಅದಾವ, ಊರಾಗ ಯಾರೂ ಸತ್ತಿಲ್ರಿ."

"ಚಪ್ಪಲಿ ನೋಡೋದು ಬಿಟ್ಟು ಹೈಸ್ಕೂಲಿನ ವಿಜ್ಞಾನದ ಪುಸ್ತಕ ಓದು" ಎಂದೆ. ಓದಲಿಲ್ಲ. ಆದರೆ ಆ ಚಪ್ಪಲಿಗಳಿಗಾಗಿ ಅವನು ಏನು ಮಾಡಲೂ ಹೇಸುವುದಿಲ್ಲ ಎಂಬುದು ನನಗೆ ಆ ದಿನ ತಿಳಿಯಿತು.

ರಜೆ ಮುಗಿದು ಶಾಲೆ ತೆರೆದರೂ ಐತ್ವಾರದ ಸಮುದ್ರ ನಿಲ್ಲಲಿಲ್ಲ. ಬರುವ ಮಕ್ಕಳಲ್ಲಿ ಬುದ್ಧಿ ಇದ್ದವಳು ಒಬ್ಬಳೇ, ಗುಲಫಶಾ. ಬಸ್‌ಸ್ಟ್ಯಾಂಡಿನ ಹತ್ತಿರ ಗೋಬಿ ಮಂಚೂರಿ ಬಂಡಿ ಇಟ್ಟಿರುವ ಸಲಾವುದ್ದೀನನ ಮಗಳು. ಉಳಿದವು "ವ್ಹಾ" ಎಂದರೆ ಇವಳು "ಯಾಕ್ರಿ ಸರ್?" ಎನ್ನುತ್ತಿದ್ದಳು. ಆ ಪ್ರಶ್ನೆ ಕೇಳಿದರೆ ವಿಶ್ವಾರಾಧ್ಯನಿಗೆ ಬೆವರು.

ದೀಪಾವಳಿಗೆ ಮುಂಚೆ ವಿಡಿಯೋದ ಹೆಂಗಸು ಹೊಸ ಪ್ರಯೋಗ ತೋರಿಸಿದಳು. ಸಮುದ್ರದ ನೀರು ಹುಳಿಯಾದರೆ ಚಿಪ್ಪಿನ ಜೀವಿಗಳ ಗತಿ ಏನು? ಒಂದು ಚಿಪ್ಪನ್ನು ವಿನೆಗರಿನಲ್ಲಿ ಒಂದು ಇಡೀ ದಿನ ನೆನೆಸಿ ನೋಡಿ. ಚಿಪ್ಪು ನಿಮ್ಮ ಊರಿನ ದಂಡೆಯಲ್ಲಿ ಆರಿಸಿಕೊಳ್ಳಿ ಎಂದಳಂತೆ. ಕರಜಗಿಗೆ ಕಡಲ ದಂಡೆ ಎಲ್ಲಿಂದ ಬರಬೇಕು? ಇಲ್ಲಿ ಕಾಲಿಗೆ ಸಿಗುವುದು ಕಬ್ಬಿನ ಒಣ ಗರಿ, ರವದಿ. ವಿನೆಗರಿಗೆ ತೊಂದರೆ ಇರಲಿಲ್ಲ. ಗುಲಫಶಾ ಅಪ್ಪನ ಬಂಡಿಯಿಂದ ಒಂದು ಬಾಟಲಿ ತಂದಳು. ಅವರ ಮನೆಯಲ್ಲಿ ಅದಕ್ಕೆ ಸಿರ್ಕಾ ಎನ್ನುತ್ತಾರೆ.

"ಸರ್, ತತ್ತಿ ಹಾಕ್ರಿ" ಎಂದಳು ಅವಳು. "ತತ್ತಿ ಸಿಪ್ಪಿ ಹಾಕಿದ್ರೂ ನಡೀತದ ಅಂತ ಆಕಿನ ಹೇಳ್ಯಾಳ. ನಮ್ಮನ್ಯಾಗ ಅದಾವ, ತರ್ಲಿ?"

ಮಾತು ಮುಗಿಯುವ ಮುಂಚೆಯೇ ಗುರುಶಾಂತಮ್ಮ ಅಡುಗೆಮನೆಯಿಂದ ಹೊರಗೆ ಬಂದಿದ್ದಳು. "ತತ್ತಿ? ಅಯ್ನಾರ ಮನ್ಯಾಗ ತತ್ತಿ? ಅದು ಹೊಸ್ತಲಾ ದಾಟ್ತಂದ್ರ ನಾ ಬಾವ್ಯಾಗ ಬಿದ್ದೆ ಅಂತ ತಿಳ್ಕೋ ವಿಶ್ವಾ!"

ನದಿಯ ದಂಡೆಯಲ್ಲಿ ಬಸವನ ಹುಳದ ಖಾಲಿ ಗೂಡು ಸಿಗುತ್ತದೆ, ತರಿಸಲೇ ಎಂದು ಇವನು ಕೇಳಿದ. ಸತ್ತ ಹುಳದ ಎಲುಬು ಪಡಸಾಲೆಗೆ ಬೇಡ ಎಂದು ಅದನ್ನೂ ಆಕೆ ತಳ್ಳಿಹಾಕಿದಳು. ಆಗ ಸೃಷ್ಟಿ ಗೋಡೆಯ ಮೊಳೆಗೆ ತೂಗುಬಿದ್ದಿದ್ದ ಶಂಖ ತೋರಿಸಿ, "ಸರ್, ಅದು ಸಮುದ್ರದ್ದೇ ಅಲ್ರಿ?" ಎಂದಳು.

ಎಲ್ಲರೂ ಮೇಲೆ ನೋಡಿದರು. ಕರಜಗಿಯಲ್ಲಿ ಸಮುದ್ರದಿಂದ ಬಂದದ್ದು ಉಪ್ಪು ಬಿಟ್ಟರೆ ಅದೊಂದೇ.

ಮೊಟ್ಟೆಯ ಸಿಪ್ಪೆಯೂ ಶಂಖವೂ ಒಂದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ಶಂಖವೂ ಸತ್ತ ಹುಳದ ಗೂಡೇ. ಅದರಲ್ಲಿ ಬದುಕಿದ್ದ ಹುಳ ಬೇರೆ ಹುಳಗಳನ್ನು ತಿಂದು ಬೆಳೆದದ್ದು. ಆದರೆ ಶಂಖ ಪವಿತ್ರ, ತತ್ತಿ ಮೈಲಿಗೆ. ನಾಲ್ಕಾಣೆಯ ತತ್ತಿಗೆ ಹೆದರಿ ತಲೆತಲಾಂತರದ ಶಂಖವನ್ನು ಹುಳಿಯಲ್ಲಿ ಅದ್ದುವ ಬುದ್ಧಿ ಅಯ್ಯನ ಮನೆಯವರಿಗಲ್ಲದೆ ಬೇರೆ ಯಾರಿಗೂ ಹೊಳೆಯದು. ಗುರುಶಾಂತಮ್ಮ ಇದಕ್ಕೆ ಬೇಡ ಎನ್ನಲೂ ಇಲ್ಲ. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿದ ಹಾಗೆ ಅಂದುಕೊಂಡಳು. "ತೊಳಿಯೂದಾ? ತೊಳಿ. ಹೊಗಿ ಹಿಡದು ಕರ್ರಗಾಗ್ಯದ" ಎಂದಳು.

ಗುಲಫಶಾ ಬಾಟಲಿ ಹಿಡಿದಳು. ವಿಶ್ವಾರಾಧ್ಯ ಶಂಖವನ್ನು ಬೋಗುಣಿಯಲ್ಲಿಟ್ಟು, ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಸುರಿದ. ಶಂಖದ ಮೈತುಂಬ ಗುಳ್ಳೆಗಳೆದ್ದವು. ಸಮುದ್ರ ಹುಳಿಯಾದರೆ ಚಿಪ್ಪಿನ ಹುಳಕ್ಕೆ ಮನೆ ಕಟ್ಟಿಕೊಳ್ಳಲು ಆಗುವುದಿಲ್ಲ, ಕಟ್ಟಿದ ಮನೆಯೂ ಕರಗುತ್ತದೆ ಎಂದು ಅವನು ಹೇಳಿದ. ಅವನ ಪಾಠಗಳಲ್ಲಿ ತಪ್ಪಿಲ್ಲದ್ದು ಇದೊಂದೇ. ವಿಡಿಯೋದಲ್ಲಿ ಹೇಳಿದಂತೆ ಮರುದಿನದವರೆಗೆ ಬಿಟ್ಟ. ತೆಗೆದಾಗ ಶಂಖ ಹೊಸದರಂತೆ ಬೆಳ್ಳಗಾಗಿತ್ತು. ತಾಯಿ ಮಗ ಇಬ್ಬರೂ ಮೆಚ್ಚಿ ಮತ್ತೆ ಮೊಳೆಗೆ ತೂಗುಹಾಕಿದರು.

ಒಂದು ಸಲ ಊದಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಆ ಶಂಖವನ್ನು ಮನೆಯಲ್ಲಿ ಸುಮ್ಮನೆ ಊದುವಂತಿಲ್ಲ. ಊದಿದರೆ ಸಾವನ್ನು ಕರೆದಂತೆ ಎಂದು ಅವರ ನಂಬಿಕೆ. ವಿಜ್ಞಾನದ ಮಾಸ್ತರನೂ ಊದಲಿಲ್ಲ.

ದೀಪಾವಳಿ ಕಳೆದ ಮೇಲೆ ದೌಲತರಾಯನ ತಾಯಿ ಹೋದಳು. ತುಂಬಿದ ಮನೆಯ ಮುದುಕಿ, ಮೊಮ್ಮಕ್ಕಳ ಮಕ್ಕಳನ್ನು ಕಂಡವಳು. ಹೆಣ ಕೂರಿಸಿ ಒಯ್ಯಲು ಹೂವಿನ ವಿಮಾನ ಕಟ್ಟಿಸಿದರು, ಭಜನೆಯವರು ಬಂದರು, ಆಳಂದ ಜೇವರ್ಗಿಗಳಿಂದ ಬೀಗರು ಬಂದು ಇಳಿದರು. ಹೆಣ ಎತ್ತುವ ಹೊತ್ತಿಗೆ ವಿಶ್ವಾರಾಧ್ಯ ಮುಂದೆ ನಿಂತು, ಗಲ್ಲ ಉಬ್ಬಿಸಿ ಶಂಖ ಊದಿದ. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಸದ್ದು ಬಂತು.

ಭಜನೆ ನಿಂತಿತು. ಅವನು ಮತ್ತೆ ಊದಿದ. ಈ ಸಲ ಎಂಜಲು ಸಿಡಿದು ಗಡ್ಡದ ಮೇಲೆ ಬಿತ್ತು. ಬೀಗರಲ್ಲಿ ಯಾರೋ ಕಿಸಕ್ಕೆಂದರು. ದೌಲತರಾಯ ತಾಯಿಯ ಪಕ್ಕದಿಂದ ತಲೆ ಎತ್ತಿ ನೋಡಿದ. ವಿಶ್ವಾರಾಧ್ಯ ಶಂಖವನ್ನು ಶಲ್ಯದೊಳಗೆ ತುರುಕಿ, ಇನ್ನೊಂದು ಕೈಯ ಗಂಟೆಯನ್ನಷ್ಟೇ ಬಾರಿಸುತ್ತ ನಡೆದ. ಶಂಖವಿಲ್ಲದೆ ಮುದುಕಿ ಮಣ್ಣು ಸೇರಿದಳು. ನಾನು ನೋಡಿದ ಮಟ್ಟಿಗೆ ಅವಳೇನೂ ಆಕ್ಷೇಪಿಸಲಿಲ್ಲ.

ಆಕ್ಷೇಪಿಸಿದ್ದು ಬದುಕಿದ್ದವರು. ಮರುದಿನ ಬೆಳಿಗ್ಗೆ ದೌಲತರಾಯ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಅಯ್ಯನ ಪಡಸಾಲೆಗೆ ಬಂದ. ಓದಿದವರು ಒಬ್ಬರಿರಲಿ ಎಂದು ಗುರುಶಾಂತಮ್ಮ ನನ್ನನ್ನೂ ಕರೆದು ಕೂರಿಸಿದ್ದಳು. ಬೈಗುಳ ಬೀಳುತ್ತದೆಂದು ನಾನು ಎಣಿಸಿದ್ದೆ. ದೌಲತರಾಯನ ದನಿ ಬೆಣ್ಣೆಯಂತಿತ್ತು.

"ಅಯ್ನಾರ, ನೀವ್ ಹೆದರಬ್ಯಾಡ್ರಿ. ತಪ್ಪು ನಿಮ್ದಲ್ಲ. ನಮ್ಮ ಸೃಷ್ಟಿ ಎಲ್ಲಾ ಹೇಳ್ಯಾಳ. ಆ ಸಲಾವುದ್ದೀನನ ಮಗಳು ಅಲ್ಲಿದ್ಳಂತ, ಬಾಟ್ಲಿ ಆಕಿ ಕೈಯಾಗಿತ್ತಂತ. ಮುಟ್ಟಬಾರದವರು ಮುಟ್ಯಾರ, ಶಂಖ ಮೌನ ಹಿಡದದ."

"ಹೌದ್ರಿ, ಅದ ಖರೇ" ಎಂದ ಒಬ್ಬ ಹಿರಿಯ. ಸೋಮವಾರದ ವಚನಗೋಷ್ಠಿಗೆ ಹಾರ್ಮೋನಿಯಂ ನುಡಿಸುವವನು ಅವನೇ.

"ಶುದ್ಧಿ ಮಾಡಸೋಣು" ಎಂದು ದೌಲತರಾಯ ಮುಂದುವರಿಸಿದ. "ಆ ಮಂದಿ ಹುಡುಗ್ರನ್ನ ಇನ್ನ ಕರೀಬ್ಯಾಡ್ರಿ. ನಮ್ಮ ಹುಡುಗ್ರಿಗಿ ಕಲಸ್ರಿ, ನಮ್ಮ ವಾಡೇದಾಗ ಕಲಸ್ರಿ. ಫ್ಯಾನ್ ಅದ, ದೊಡ್ಡ ಟೀವಿ ಅದ, ಇಡೀ ಊರಿನ ಹುಡುಗ್ರು ಬರ್ತಾವ. ನೀವ್ ಬಾಯಿ ಬಿಟ್ಟು ಏನೂ ಅನ್ನೋದು ಬ್ಯಾಡ. ಸುಮ್ನ ಕುಂದರ್ರಿ ಸಾಕು, ಅನ್ನೋದು ನಾವ್ ಅಂತೇವಿ."

ಸುಳ್ಳು ಹೇಳು ಎಂದು ಕೂಡ ಕೇಳುತ್ತಿರಲಿಲ್ಲ, ಸುಮ್ಮನಿರು ಎಂದಷ್ಟೇ. ಸುಮ್ಮನಿದ್ದರೆ ಮಠಪತಿತನ ಉಳಿಯುತ್ತದೆ, ಸುಗ್ಗಿಯಲ್ಲಿ ಮನೆಮನೆಯಿಂದ ಬರುವ ಜೋಳ ಉಳಿಯುತ್ತದೆ, ಚಪ್ಪಲಿಗಳಂತೂ ವಾಡೆಯ ಬಾಗಿಲು ತುಂಬ. ಹೋಗುವುದು ಒಂದು ಹುಡುಗಿಯ ಹೆಸರು. ಆಮೇಲೆ ಅವಳಪ್ಪನ ಬಂಡಿ.

"ಹೂಂ ಅನ್ನು ತಮ್ಮಾ" ಎಂದಳು ಗುರುಶಾಂತಮ್ಮ ಮೆಲ್ಲಗೆ. "ಯಾರೇನ್ ನಿನಗ ಅನ್ನಾಕತ್ತಿಲ್ಲ. ಹೂಂ ಅಂದು ಬಿಡು."

ಹೂಂ ಅನ್ನುತ್ತಾನೆಂದೇ ನಾನು ನಂಬಿದ್ದೆ. ನನಗೆ ಈ ಹುಡುಗ ಗೊತ್ತು. ಮೌಖಿಕ ಪರೀಕ್ಷೆಯಲ್ಲಿ ಉತ್ತರ ಅರ್ಧ ಹೇಳಿ ಪರೀಕ್ಷಕರ ಮುಖ ನೋಡುತ್ತಿದ್ದ. ಮುಖ ಬಿಗಿದರೆ ಉತ್ತರ ಬದಲಿಸುತ್ತಿದ್ದ. ದ್ರಾವಣ ಕೆಂಪಾದದ್ದನ್ನು ಕಣ್ಣಾರೆ ಕಂಡು, ಪಕ್ಕದವನು ನೀಲಿ ಎಂದರೆ ನೀಲಿ ಎನ್ನುತ್ತಿದ್ದ.

ಅವನು ದೌಲತರಾಯನ ಮುಖ ನೋಡಿದ. ಎದ್ದು ಹೋಗಿ ಶಂಖ ತಂದ. ಚೆಂಬಿನಿಂದ ಅದರ ಬಾಯಿಗೆ ನೀರು ಸುರಿದ. ಶಂಖದ ಪಕ್ಕೆಯಿಂದ ನೂಲಿನಂತೆ ನೀರು ಹೊರಗೆ ಬಂದು ಫರಸಿ ಕಲ್ಲಿನ ನೆಲದ ಮೇಲೆ ಬಿತ್ತು.

"ಇಲ್ಲಿ ಮೊದ್ಲಿಂದ ಒಂದು ತೂತು ಇದ್ದಂಗ ಅದ್ರಿ" ಎಂದ. "ನಮ್ಮ ಮುತ್ಯಾ ಸುಣ್ಣಾ ಮೆತ್ತಿ ಮುಚ್ಚಿದ್ನೋ ಏನೋ. ಸಿರ್ಕಾ ಸುಣ್ಣಾ ತಿಂತದ. ಅದನ್ನ ತಿಂದು ತೂತು ತೆರದದ. ಅದಕ್ಕ ಗಾಳಿ ನಿಲ್ಲವಲ್ದು."

"ಸಿರ್ಕಾ ಹಾಕ್ದೋರು ಯಾರು?" ಎಂದ ಹಾರ್ಮೋನಿಯಂ ಹಿರಿಯ.

"ನಾ."

"ಬಾಟ್ಲಿ ಯಾರ ಕೈಯಾಗಿತ್ತು?"

"ಗುಲಫಶಾನ ಕೈಯಾಗ. ಹಿಡಿ ಅಂತ ನಾನ ಅಂದಿದ್ದೆ. ಶಂಖ ಆಕಿ ಮುಟ್ಟೇ ಇಲ್ರಿ." ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮುಟ್ಟಿದ್ರೂ ಏನೂ ಆಗ್ತಿರಲಿಲ್ರಿ. ದಿನಾ ಮುಟ್ಟಿದ್ರೂ ಆಗ್ತಿರಲಿಲ್ಲ. ಮುಟ್ಟಿದ್ರ ಶಂಖ ಕೆಡಂಗಿಲ್ಲ."

ಮೂವರೂ ನನ್ನ ಕಡೆ ತಿರುಗಿದರು. "ಮೇಡಂ, ನೀವರ ಹೇಳ್ರಿ."

"ಮಾಡಿದ್ದು ಶುದ್ಧ ಮೂರ್ಖತನ" ಎಂದೆ. "ಹೇಳಿದ್ದು ಖರೇ."

ದೌಲತರಾಯನ ಬೆಣ್ಣೆ ಕರಗಿಹೋಗಿತ್ತು. "ಅಂದ್ರ, ನಮ್ಮವ್ವಗ ದಾರಿ ತೋರಸೋ ಶಂಖಾನ ನೀ ಉಪ್ಪಿನಕಾಯಿ ಹಾಕ್ದಿ? ಹುಡುಗ್ರನ್ನ ನಗಸಾಕ?" ಎಂದ. ಕೇಳಿದ್ದು ನ್ಯಾಯವೇ. ವಿಶ್ವಾರಾಧ್ಯ ಮಾಡಿದ್ದು ಅದನ್ನೇ. ಹಿರಿಯರು ಚಹಾ ಕುಡಿಯದೆ ಎದ್ದು ಹೋದರು. ಗುರುಶಾಂತಮ್ಮ ಸೆರಗು ಮುಖಕ್ಕೆ ಹಿಡಿದು ಒಳಗೆ ಹೋದಳು.

ಮುದುಕಿಯ ಉಳಿದ ಕ್ರಿಯೆಗಳಿಗೆ ಜೇವರ್ಗಿಯಿಂದ ಅವನ ದಾಯಾದಿಯೊಬ್ಬನನ್ನು ಕರೆಸಿದರು. ಸೊಲ್ಲಾಪುರದಿಂದ ಹೊಸ ಶಂಖ ತರಿಸಿ ಅವನ ಕೈಗಿಟ್ಟರು. ಹಳೆಯದಕ್ಕಿಂತ ಇದರ ದನಿ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದರು. ಸುಗ್ಗಿಯ ಜೋಳ ಇನ್ನು ಅವನಿಗೆ. ವಿಶ್ವಾರಾಧ್ಯ ಅಫಜಲಪುರದ ಒಂದು ಗೊಬ್ಬರದ ಅಂಗಡಿಯಲ್ಲಿ ಕೂಲಿಗೆ ಸೇರಿದ. ಬೀಜದ ಚೀಲದ ಮೇಲಿನ ಅಕ್ಷರ ರೈತರಿಗೆ ಓದಿ ಹೇಳುವುದು ಅವನ ಕೆಲಸ. ಥರ್ಡ್ ಕ್ಲಾಸಿಗೆ ಅದು ಕಡಿಮೆಯೇನಲ್ಲ.

ಅವನು ಧೈರ್ಯಶಾಲಿ ಎಂದು ಕೆಲವರು ನನ್ನ ಮುಂದೆ ಪಿಸುಗುಟ್ಟಿದರು, ಊರ ಮುಂದಲ್ಲ. ನಾನು ಒಪ್ಪುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು ಪ್ರಯೋಗಾಲಯದ ಮೊದಲ ದಿನದ ಪಾಠ. ಅದನ್ನು ಕಲಿಯಲು ಇವನಿಗೆ ಇಷ್ಟು ಕಾಲ ಹಿಡಿಯಿತು, ಒಂದು ಶಂಖವೂ ಖರ್ಚಾಯಿತು. ಹೊಗಳುವಂಥದ್ದು ಇದರಲ್ಲೇನಿದೆ?

ಐತ್ವಾರ ಬಂತು. ಅವನು ಹೊಸ್ತಿಲ ಒಳಗೆ ನೀಲಿ ನೀರಿನ ಟಬ್ಬು ಇಟ್ಟುಕೊಂಡು ಕೂತ. ಯಾರೂ ಬರಲಿಲ್ಲ. ಲಿಂಗಾಯತರ ಮಕ್ಕಳನ್ನು ಮನೆಯವರು ತಡೆದಿದ್ದರು. ಸಲಾವುದ್ದೀನನ ಓಣಿಯ ಮಕ್ಕಳನ್ನು ಅವರ ಮನೆಯವರೂ ತಡೆದಿದ್ದರು, ಇನ್ನೊಂದು ಏನಾದರೂ ಕೆಟ್ಟರೆ ಯಾರ ತಲೆಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಮುಂದಿನ ಐತ್ವಾರವೂ ಹಾಗೇ. ಹೊಸ್ತಿಲಲ್ಲಿ ಅವನ ಚಪ್ಪಲಿ, ಅವನ ತಾಯಿಯ ಚಪ್ಪಲಿ. ಆ ತಾಯಿ ಅವನೊಡನೆ ಮಾತಾಡುತ್ತಿರಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಸಲಾವುದ್ದೀನ ಬಂದು ಅಂಗಳದಾಚೆ ರಸ್ತೆಯಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಹುಡುಗಿ ಮನ್ಯಾಗ ಕುಂದ್ರವಲ್ಳು ಸರ್. ದಿಮಾಖ್ ತಿನ್ನಾಕತ್ಯಾಳ" ಎಂದ. "ಕಳಸ್ತೇನಿ. ಆದ್ರ ಒಳಗ ಬ್ಯಾಡ್ರಿ. ಇಲ್ಲಿ, ರಸ್ತಾ ಮ್ಯಾಲ ಮಾಡ್ರಿ. ಯಾರ್ ಏನ್ ಮುಟ್ಟಿದ್ರು ಅಂಬೋದು ಇಡೀ ಊರಿಗಿ ಕಾಣ್ಲಿ."

"ರಸ್ತಾ ಮ್ಯಾಲ ಸಮುದ್ರ ಹೆಂಗ ಮಾಡ್ಲಿ, ಸಲಾವುದ್ದೀನಭಾಯಿ?"

"ನಾ ಗೋಬಿ ಮಾಡಂಗಿಲ್ಲೇನ್ರಿ?"

ಹೀಗೆ ಸಮುದ್ರ ರಸ್ತೆಗೆ ಬಂತು. ಮೊದಲು ಗುಲಫಶಾ ಬಂದಳು, ಹಿಂದೆ ಅವಳ ಗೆಳತಿಯರು. ಆಮೇಲೆ ಲಿಂಗಾಯತರ ಮಕ್ಕಳು ಕೆಲವು ಸುತ್ತ ನಿಂತವು. ರಸ್ತೆಯಲ್ಲಿ ನಿಂತರೆ ಅಯ್ಯನ ಮನೆಗೆ ಹೋದಂತಾಗುವುದಿಲ್ಲವಲ್ಲ, ಅಷ್ಟು ತರ್ಕ ಮಕ್ಕಳಿಗೂ ಬರುತ್ತದೆ. ಎಲ್ಲರೂ ಬರಲಿಲ್ಲ, ಬೇಸಿಗೆಯ ಅರ್ಧದಷ್ಟೂ ಇಲ್ಲ. ಸೃಷ್ಟಿಗೆ ಅದೇ ಓಣಿಯ ತುದಿಗಿರುವ ವಾಡೆಯ ಮೆಟ್ಟಿಲು ಇಳಿಯುವ ಅಪ್ಪಣೆ ಇಲ್ಲ. ಅವಳು ಮೇಲಿನ ಮೆಟ್ಟಿಲ ಮೇಲೆ ಕೂತು ಅಲ್ಲಿಂದಲೇ ಗಂಟಲು ಹರಿಯುವಂತೆ ಪ್ರಶ್ನೆ ಕೇಳುತ್ತಾಳೆ. ಅವಳಜ್ಜ ಕೇಳಿಸಿಕೊಳ್ಳದವನಂತೆ ಪೇಪರು ಓದುತ್ತಾನೆ.

ಪಾಠ ಸುಧಾರಿಸಿದೆ ಎಂದು ಯಾರೂ ಭಾವಿಸಬಾರದು. ಹೋದ ಐತ್ವಾರ ಭರತ ಇಳಿತ ಹೇಳಿಕೊಡುತ್ತ, ಚಂದ್ರ ಸಮುದ್ರವನ್ನು ಬಾವಿಯ ಬಿಂದಿಗೆಯಂತೆ ಸೇದುತ್ತಾನೆ ಎಂದ. ನಾನು ಕಟ್ಟೆಯ ಮೇಲಿಂದ ಬೈದೆ. "ಹೌದ್ರಿ ಮೇಡಂ" ಎಂದು ತಿದ್ದಿಕೊಳ್ಳಲು ಹೋಗಿ ಇನ್ನೊಂದು ತಪ್ಪು ಹೇಳಿದ. ಗುಲಫಶಾ "ಯಾಕ್ರಿ?" ಎಂದಳು. ಅವನು ಬೆವರು ಒರೆಸಿಕೊಂಡು, "ನನಗ ಗೊತ್ತಿಲ್ಲ. ಮೇಡಂನ ಕೇಳ್ರಿ" ಎಂದ.

ನಾನು ಕಟ್ಟೆ ಇಳಿಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗಲೇ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಓಣಿಯ ತಿರುವಿನಲ್ಲಿ ಬಂದು ನಿಂತು ಹಾರ್ನ್ ಬಾರಿಸಿತು. ಹಿಂದೆ ಎರಡು ಟ್ರೇಲರ್ ಕಬ್ಬು, ಮುಂದೆ ರಸ್ತೆ ತುಂಬ ಟಬ್ಬು, ಬಾಟಲಿ, ಮಕ್ಕಳು.

"ಏ ಮಾಸ್ತರ!" ಎಂದು ಚಾಲಕ ಮೇಲಿಂದ ಕೂಗಿದ. "ನಿನ್ನ ಸಮುದ್ರ ಸರಸೋ, ಕಾರ್ಖಾನಿ ಗೇಟು ಮುಚ್ಚತದ!"

ವಿಶ್ವಾರಾಧ್ಯ ಟಬ್ಬಿನ ಒಂದು ಕಡೆ ಹಿಡಿದ, ಮಕ್ಕಳು ಇನ್ನೊಂದು ಕಡೆ ಹಿಡಿದವು. ನೀಲಿ ನೀರು ತುಳುಕಿ ಅವನ ಧೋತರ ತೊಯ್ಯಿತು. ಎಲ್ಲರೂ ಸೇರಿ ಸಮುದ್ರವನ್ನು ಗೋಡೆಯ ಬದಿಗೆ ಸರಿಸಿ, ಟ್ರ್ಯಾಕ್ಟರ್ ಹೋಗುವವರೆಗೆ ಬೆನ್ನು ಗೋಡೆಗೆ ಒತ್ತಿ ನಿಂತರು.